ಆರನೆಯ ಕಲಮು

ಮಕ್ತಲಿಗೆ ಹೋಗುವ ಬಸ್ಸು ನಾರಾಯಣಪೇಟೆಯ ನಿಲ್ದಾಣ ಬಿಡುವ ಮೊದಲೇ ಗುರುಪ್ರಸಾದನ ಮನಸ್ಸು ಮತ್ತೆ ಅಲ್ಲಿಗೇ ಬಂದು ನಿಂತಿತು. ಬೆಳಿಗ್ಗೆ ಹೆಂಡತಿ ಗಂಗಾಂಬಿಕಾ ನಕ್ಕದ್ದು ಯಾಕೆ? ನಕ್ಕದ್ದೇನೂ ದೊಡ್ಡದಲ್ಲ. ಪಡಸಾಲೆಯಲ್ಲಿ ಕುಳಿತು ಚೌಕುಳಿ ಹಾಳೆಯ ಮೇಲೆ ಸೀರೆಯ ನಕ್ಷೆ ಬರೆಯುತ್ತಿದ್ದವಳು ಪೆನ್ಸಿಲ್ಲು ತಡೆದು, ಹಾಳೆಯನ್ನೊಮ್ಮೆ ದೂರ ಹಿಡಿದು ನೋಡಿ, ಮೂಗಿನಲ್ಲೇ ಸಣ್ಣಗೆ ನಕ್ಕಿದ್ದಳು. ಹತ್ತಿರ ಯಾರೂ ಇರಲಿಲ್ಲ. ಗಡ್ಡ ಹೆರೆಯುತ್ತಿದ್ದ ಅವನು ಕನ್ನಡಿಯಲ್ಲಿ ಅದನ್ನು ನೋಡಿ, ಏನಾತು ಎಂದು ಕೇಳಬೇಕೆಂದುಕೊಂಡು ಕೇಳಲಿಲ್ಲ. ಅವಳು ಚಹಾ ತರಲು ಒಳಗೆ ಹೋದಾಗ, ಹೊತ್ತೆಷ್ಟಾಯಿತೆಂದು ನೋಡುವವನ ಹಾಗೆ ಅವಳ ಫೋನು ಎತ್ತಿ, ಯಾರ ಯಾರ ಕರೆ ಬಂದಿದೆ ಎಂದು ನೋಡಿಬಿಟ್ಟ. ಕೆ.ಟಿ. ದೊಡ್ಡಿಯಿಂದ ಅವಳ ತವರಿನ ಕರೆ, ಹಾಲಿನವನದೊಂದು, ಅಷ್ಟೆ. ನರೇಂದ್ರನ ಹೆಸರು ಸಂಕ್ರಾಂತಿಯ ನಂತರ ಒಂದು ಸಲವೂ ಇಲ್ಲ. ಸಮಾಧಾನವಾಗಬೇಕಿತ್ತು. ಆದರೆ ಕಿಟಕಿಯ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿರುವಾಗ ಅವನನ್ನು ಕೊರೆಯುತ್ತಿದ್ದದ್ದು ಅದೇ. ಮಾತಾಡಬೇಡವೆಂದು ಕಾಗದದಲ್ಲಿ ಬರೆದ ಕೂಡಲೇ ಆ ಮನುಷ್ಯ ಇಷ್ಟು ಸುಲಭವಾಗಿ ನಿಲ್ಲಿಸಿಬಿಟ್ಟನಲ್ಲ. ನಿಲ್ಲಿಸಬಲ್ಲವನಿಗೆ ಮಾತ್ರ ಬೇಕಾದಾಗ ಶುರು ಮಾಡಲೂ ಬರುತ್ತದೆ.

ನರೇಂದ್ರ ಗದ್ವಾಲಿನವನು. ಚಿನ್ನಯ್ಯನೆಂಬ ಹಳೆಯ ನೇಕಾರನ ಮಗ, ಈಗ ಅವನ ಕೈಕೆಳಗೇ ಹತ್ತಾರು ಮಗ್ಗ. ನಾರಾಯಣಪೇಟೆಯ ಮಹಾಂತಯ್ಯನವರ ಅಂಗಡಿಯೆಂದರೆ ಮೂರು ತಲೆಮಾರಿನ ಹೆಸರು, ಆದರೆ ಮಹಾಂತಯ್ಯ ತೀರಿಕೊಂಡ ಮೇಲೆ ಅದು ಮಗ ಗುರುಪ್ರಸಾದನ ಕೈಯಲ್ಲಿ ಹೆಸರಾಗಿಯೇ ಉಳಿದಿತ್ತು. ಪವರ್‌ಲೂಮಿನ ನಕಲುಗಳು ಪೇಟೆಗೆಲ್ಲ ಹರಡಿದ ವರ್ಷ, ನಾರಾಯಣಪೇಟೆಯ ಚೌಕುಳಿ ಮೈಗೆ ಗದ್ವಾಲಿನ ರೇಷ್ಮೆ ಅಂಚನ್ನು ಮಗ್ಗದಲ್ಲೇ ಎಳೆಗೆ ಎಳೆ ಕೂಡಿಸಿ ನೇಯ್ದರೆ ಹೇಗೆ ಎಂಬ ಯೋಚನೆ ಯಾರದು ಎಂದು ಕೇಳಿದರೆ ಇಬ್ಬರೂ ಖಾತ್ರಿಯಿಲ್ಲ ಎನ್ನುತ್ತಿದ್ದರು. ಗುರುಪ್ರಸಾದನಿಗೆ ಒಳಗೊಳಗೇ ಖಾತ್ರಿಯಿತ್ತು, ಅದು ಗಂಗಾಂಬಿಕೆಯದು. ನಕ್ಷೆ ನಾರಾಯಣಪೇಟೆಯದು, ಬಣ್ಣ ಹಾಕಿ ನೇಯುವುದು ಗದ್ವಾಲಿನದು, ಮಾರುವುದು ಇಬ್ಬರ ಹೆಸರಿನಲ್ಲಿ. ಯಾರ ಊರಿಗೂ ಯಾರೂ ಹೋಗಿ ಕಾಯುವುದು ಬೇಡವೆಂದು ನಡುವಿನ ಮಕ್ತಲಿನಲ್ಲಿ, ಗೊಬ್ಬರದಂಗಡಿಯ ಮೇಲಿನ ಕೋಣೆಯೊಂದನ್ನು ಹಿಡಿದರು. ಮೊದಲ ಕರಾರು ಅರ್ಧ ಪುಟದ್ದು. ಅದರಲ್ಲಿ ಇದ್ದದ್ದೂ ಇಷ್ಟೆ. ಉಳಿದದ್ದನ್ನು ಆಗಾಗ ಮಾತಾಡಿಕೊಂಡರಾಯಿತು ಎಂದು ನರೇಂದ್ರ ಹೇಳಿ, ಕೈ ಒರೆಸಿಕೊಂಡು ಸಹಿ ಹಾಕಿದ್ದ. ಮಾತಾಡಿಕೊಂಡರು ಕೂಡ. ಆದರೆ ಗುರುಪ್ರಸಾದನೊಡನೆ ಅಲ್ಲ.

ಅದು ಶುರುವಾದದ್ದು ಒಂದು ಫೋನಿನಿಂದ. ಅಕ್ಕಾ, ನೀವು ಬರ್ದ ಚೌಕುಳಿಗೆ ಬೆಲ್ಲದ ಬಣ್ಣ ಹಾಕ್ಲೇನು, ಜೋಳದ ಬಣ್ಣ ಹಾಕ್ಲೇನು ಎಂದು ನರೇಂದ್ರ ಕೇಳಿದ್ದ. ಗಂಗಾಂಬಿಕಾ ಗದ್ವಾಲ ಸೀಮೆಯವಳು, ಅವಳ ಬಾಯಿಗೆ ತೆಲುಗು ಕನ್ನಡದಷ್ಟೇ ಹತ್ತಿರ. ಬೆಲ್ಲ ಅಂದರೆ ಯಾವ ಬೆಲ್ಲ, ಹೊಸ ಬೆಲ್ಲವೋ ಹೋದ ವರ್ಷದ್ದೋ ಎಂದು ಅವಳು ತಿರುಗಿ ಕೇಳಿದಳು. ಆ ಕಡೆಯಿಂದ ಅವನು ಏನೋ ಅಂದ. ಇವಳು, ಅಲ್ಲ ತಮ್ಮಾ, ಅದು ಮಳೆ ಬಂದು ನಿಂತ ಮೇಲಿನ ಮಣ್ಣಿನ ಗ್ವಾಡಿ ಬಣ್ಣ, ಬೆಲ್ಲ ಅಲ್ಲ ಅಂದಳು. ಹಾಗೆ ಹೇಳುವಾಗ ಅವಳ ಎಡಗೈ ಗಾಳಿಯಲ್ಲಿ ಎಳೆಯೊಂದನ್ನು ಹಿಡಿದು ಬೆಳಕಿಗೆ ತಿರುಗಿಸುತ್ತಿತ್ತು. ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ಗುರುಪ್ರಸಾದ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ತೆಲುಗು ಅವನಿಗೂ ಬರುತ್ತಿತ್ತು, ಪ್ರತಿ ಶಬ್ದವೂ ತಿಳಿಯುತ್ತಿತ್ತು. ಆದರೆ ಆ ಮಾತು ನಡೆಯುತ್ತಿದ್ದ ಊರಿಗೆ ಅವನು ಯಾವತ್ತೂ ಕಾಲಿಟ್ಟಿರಲಿಲ್ಲ, ಇಡುವ ಹಾಗೂ ಇರಲಿಲ್ಲ.

ಯಾಕೆಂದರೆ ಸೀರೆ ವ್ಯಾಪಾರಿ ಮಹಾಂತಯ್ಯನವರ ಮಗನಿಗೆ ಕಂದು ಮತ್ತು ಹಸಿರು ಒಂದೇ ಕಾಣುತ್ತಿದ್ದವು. ಹುಟ್ಟಿನಿಂದಲೂ. ಕೆಂಪು ಕೂಡ ಕಪ್ಪಿಗೆ ವಾಲಿತೆಂದರೆ ಅವನ ಪಾಲಿಗೆ ಒಂದು ಬಗೆಯ ಮಂಕು ಮಣ್ಣೇ. ಚಿಕ್ಕವನಿದ್ದಾಗ ಗಿರಾಕಿಯೊಬ್ಬಳು ಕೇಳಿದ ಹಸಿರು ಸೀರೆಯ ಬದಲು ಬೇರೆಯದನ್ನು ತಂದುಕೊಟ್ಟು, ಅವಳೆದುರೇ ಅಪ್ಪನ ಕೈಯಿಂದ ಏಟು ತಿಂದಿದ್ದ. ಕಣ್ಣು ಎಲ್ಲಿಟ್ಟೀಯಲೇ ಎಂದು ಅಪ್ಪ ಕೇಳಿದಾಗ, ಇರುವಲ್ಲೇ ಇಟ್ಟಿದ್ದೇನೆ ಎಂದು ಹೇಳಲು ಅವನಿಗೆ ತಿಳಿಯಲಿಲ್ಲ. ಅಂದಿನಿಂದ ಬಣ್ಣವನ್ನು ಜಾಗದಿಂದ ಕಲಿತ. ಬಾಗಿಲಿನ ಪಕ್ಕದ ಕಪಾಟು, ಎರಡನೇ ಅರೆ, ಎಡಗಡೆ ಎಂದರೆ ಗಿಳಿಹಸಿರು. ಅಪ್ಪ ಸಾಯುವ ತನಕ ಆ ಜಾಗಗಳನ್ನು ಯಾರೂ ಬದಲಿಸಲಿಲ್ಲ, ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಗಾಂಬಿಕಾ ಕಂಡುಹಿಡಿದಳು. ಹೇಗೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಒಂದು ದಿನ ಬೆಳಿಗ್ಗೆ ಅಂಗಡಿಗೆ ಬಂದು, ಹೊಸ ಮಾಲನ್ನು ತಾನೇ ಅರೆಗಳಲ್ಲಿ ಜೋಡಿಸಿ, ಮೇಲಿಂದ ಕೆಳಗೆ ಒಂದೊಂದರ ಬಣ್ಣವನ್ನೂ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಗಟ್ಟಿಯಾಗಿ ಹೇಳಿ, ಮನೆಗೆ ಹೋದಳು. ಆವತ್ತಿನಿಂದ ದಿನಾ ಅದೇ. ಆ ವಿಷಯವಾಗಿ ಗಂಡಹೆಂಡಿರ ನಡುವೆ ಒಂದು ಮಾತೂ ಆಗಲಿಲ್ಲ. ಊರಿಗೆಲ್ಲ ಗೊತ್ತಾಗದ ಹಾಗೆ ಒಬ್ಬಳು ತನ್ನ ಕಣ್ಣಾಗಿ ಇದ್ದಾಳೆ ಎಂಬುದು ಅವನಿಗೆ ಮೊದಮೊದಲು ನಾಚಿಕೆ, ಆಮೇಲೆ ರೂಢಿ, ಆಮೇಲೆ ಸೊತ್ತು.

ಈಗ ಆ ಸೊತ್ತನ್ನು ಗದ್ವಾಲಿನವನು ಮುಟ್ಟುತ್ತಿದ್ದ. ಅವಳು ಹೇಳಿದ್ದನ್ನು ಅವನು ಕಾಣಬಲ್ಲವನಾಗಿದ್ದ. ತನಗೆ ಅವಳು ಹೇಳುತ್ತಿದ್ದದ್ದು ಬರೀ ಹೆಸರು. ಇದು ಹಸಿರು, ಇದು ಕಂದು, ಕುರುಡನಿಗೆ ಮೆಟ್ಟಿಲು ಹೇಳಿದ ಹಾಗೆ. ಅವನೊಡನೆ ಆಡುತ್ತಿದ್ದದ್ದು ಮಾತು. ಕೂಡು ಸೀರೆಗಳು ಹೈದರಾಬಾದಿನಲ್ಲಿ ಹೆಸರು ಮಾಡಿದವು, ಗಿರಾಕಿಗಳು ಬಣ್ಣವನ್ನೇ ಹೊಗಳಿದರು, ಗುರುಪ್ರಸಾದ ಆ ಹೊಗಳಿಕೆಗೆ ತಲೆಯಾಡಿಸುತ್ತ ಒಳಗೇ ಸುಟ್ಟುಕೊಂಡ. ಅವಳು ತಮ್ಮಾ ಎನ್ನುತ್ತಿದ್ದಳು, ಅವನು ಅಕ್ಕಾ ಎನ್ನುತ್ತಿದ್ದ, ಅದರಲ್ಲಿ ಎಳ್ಳಷ್ಟೂ ಕಪಟವಿಲ್ಲವೆಂದು ಗುರುಪ್ರಸಾದನಿಗೆ ಗೊತ್ತಿತ್ತು. ಕಪಟವಿದ್ದಿದ್ದರೆ ಹಿಡಿದು ಜಗಳಾಡಬಹುದಿತ್ತು. ಸಂಕ್ರಾಂತಿ ಹೊತ್ತಿಗೆ ತಡೆಯಲಾರದೆ ವಕೀಲ ಕರಿಬಸಯ್ಯನವರ ಹತ್ತಿರ ಹೋಗಿ, ಕರಾರನ್ನು ಮತ್ತೆ ಬರೆಸಬೇಕು ಅಂದ. ರಾಜ್ಯ ಒಡೆದು ತೆಲಂಗಾಣ ಬೇರೆಯಾಗುವ ಕಾಲ, ನಾಳೆ ಯಾವ ಕೋರ್ಟು, ಯಾವ ಕಾನೂನು, ಎಲ್ಲ ಗಟ್ಟಿ ಮಾಡಿಕೊಳ್ಳಬೇಕು ಎಂಬುದು ಹೇಳಿಕೊಳ್ಳಲು ಸಿಕ್ಕ ನೆಪ. ವಕೀಲರು ಇಂಗ್ಲಿಷಿನಲ್ಲಿ ಹನ್ನೊಂದು ಪುಟ ಬರೆದರು. ಮೂರು ವರ್ಷ ಯಾರೂ ಬಿಟ್ಟು ಹೋಗುವ ಹಾಗಿಲ್ಲ. ಬೇರೆ ಯಾವ ಅಂಗಡಿಯ ಜೊತೆಗೂ ನರೇಂದ್ರ ಕೂಡುವ ಹಾಗಿಲ್ಲ. ಆರನೆಯ ಕಲಮನ್ನು ಮಾತ್ರ ಗುರುಪ್ರಸಾದ ತಾನೇ ಹೇಳಿ ಬರೆಸಿದ. ಬಣ್ಣದ ಫೈಸಲಾ ಗುರುಪ್ರಸಾದನೊಬ್ಬನದೇ. ಗದ್ವಾಲಿನ ಕಡೆಯವರು ಆ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ, ನಾರಾಯಣಪೇಟೆ ಮನೆಯ ಬೇರೆ ಯಾರೊಡನೆಯೂ ಮಾತಾಡುವಂತಿಲ್ಲ.

ಕರಿಬಸಯ್ಯ ಕನ್ನಡಕ ತೆಗೆದು ಅವನನ್ನೇ ನೋಡಿದ್ದರು. "ಕೂಡಿ ವ್ಯಾಪಾರ ಮಾಡವ್ರ ಬಾಯಿ ಕಟ್ಟೋ ಕಲಮು ಯಾಕ ಬೇಕ್ರೀ ಇದು? ಹೊಲದ ಬದು ಹಾಕಿದ್ಹಂಗ ಕಾಣತೈತಿ."

"ಇರ್ಲಿ, ಹಾಕ್ರಿ," ಅಂದಿದ್ದ ಗುರುಪ್ರಸಾದ. "ಮುಂದ ತಕರಾರು ಬ್ಯಾಡ."

ನರೇಂದ್ರ ಆ ಕಲಮನ್ನು ಓದಿದ. ಓದಿದ್ದು ಗೊತ್ತಾಯಿತು, ಯಾಕೆಂದರೆ ಅಲ್ಲಿ ಅವನ ಬೆರಳು ನಿಂತಿತು. ತಲೆಯೆತ್ತಿ, "ಅಕ್ಕಗ ಗೊತ್ತೈತೇನಣ್ಣ ಇದು?" ಎಂದು ಕೇಳಿದ. ಗೊತ್ತೈತಿ ಎಂದು ಗುರುಪ್ರಸಾದ ಸುಳ್ಳು ಹೇಳಿದ. ಸರಿ ಎಂದು ಅವನು ಸಹಿ ಹಾಕಿದ. ಗುರುಪ್ರಸಾದ ಗಂಗಾಂಬಿಕೆಗೆ ಏನನ್ನೂ ಹೇಳಲಿಲ್ಲ. ಫೋನು ಬರುವುದು ನಿಂತಾಗ ಒಂದೆರಡು ವಾರ ಅವಳು ಕಾದಳು. ಆಮೇಲೆ, ಊಟಕ್ಕೆ ಬಡಿಸುತ್ತ, ಆ ತಮ್ಮಗ ನನ್ನ ಮ್ಯಾಲೆ ಏನರ ಸಿಟ್ಟು ಬಂದೈತೇನು ಎಂದು ಕೇಳಿದಳು. ಅವನಿಗೆ ಕೆಲಸ ಬಹಳ ಐತಿ ಅಂದ. ಅವಳು ನಕ್ಷೆ ಬರೆಯುವುದನ್ನು ಬಿಡಲಿಲ್ಲ, ಆದರೆ ಹಾಳೆಯ ಬದಿಗೆ ಬಣ್ಣಗಳ ಬಗ್ಗೆ ಉದ್ದುದ್ದ ಬರೆಯುತ್ತಿದ್ದವಳು ಈಗ ಒಂದೇ ಶಬ್ದ ಬರೆಯತೊಡಗಿದಳು. ಕಂದು. ಕೆಂಪು. ಗಂಡನಿಗೆ ಹೇಳಿದ ಹಾಗೆ.

ಮಕ್ತಲ್ ಬಂತು. ನಿಲ್ದಾಣದ ಹೊರಗೆ ಒಬ್ಬ ಪೇಂಟರು ಏಣಿಯ ಮೇಲೆ ನಿಂತು ಸರ್ಕಾರಿ ಕಚೇರಿಯ ಬೋರ್ಡಿನ ಮೇಲಿನ ರಾಜ್ಯದ ಹೆಸರನ್ನು ಅಳಿಸುತ್ತಿದ್ದ. ಇನ್ನು ಕೆಲವೇ ದಿನ, ಜೂನು ಬಂದರೆ ಎಲ್ಲ ಬೋರ್ಡುಗಳಲ್ಲೂ ತೆಲಂಗಾಣ. ಈ ಊರಿನ ಬೀದಿ ನೋಡಿದರೆ ಗುರುಪ್ರಸಾದನಿಗೆ ಫೆಬ್ರವರಿಯ ಆ ದಿನ ನೆನಪಾಗದೆ ಇರುತ್ತಿರಲಿಲ್ಲ. ದಿಲ್ಲಿಯಲ್ಲಿ ಮಸೂದೆ ಪಾಸಾದ ಸುದ್ದಿ ಬಂದು ಬೀದಿ ತುಂಬ ಡೋಲು, ಗುಲಾಲು. ಮೇಲಿನ ಕೋಣೆಯಲ್ಲಿ ನರೇಂದ್ರ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಹೈದರಾಬಾದಿನ ಶ್ರೀರಾಮುಲು, ಅವರ ಕೂಡು ಸೀರೆಗಳ ದೊಡ್ಡ ಗಿರಾಕಿ, ಹೊಸ ರಾಜ್ಯದ ಮೊದಲ ವಾರ ತನ್ನ ಹೊಸ ಅಂಗಡಿ ತೆರೆಯುವವನಿದ್ದ. ಬಾಗಿಲಿನಿಂದಲೇ ಕಾಣುವ ಹಾಗೆ ಇಡೀ ಒಂದು ಗೋಡೆ ಹುಣಸೆಹಣ್ಣಿನ ಕಂದು ಮೈಯ ಸೀರೆಗಳೇ ಬೇಕೆಂದು ಕೇಳಿದ್ದ. ಲಡಿಗಳನ್ನು ಮನೆಗೆ ಒಯ್ದು, ಗಂಗಾಂಬಿಕೆಯೆದುರು ಹೇಗಾದರೂ ಹರಡಿ, ಅವಳ ಬಾಯಿಂದ ಹೆಸರು ಬಂದ ಮೇಲೆ ಒಪ್ಪಿದ ಲಡಿಗೆ ದಾರದ ಗಂಟು ಕಟ್ಟಿ ಕಳಿಸುವುದೆಂದು ಗುರುಪ್ರಸಾದ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದ. ಆಗ ನರೇಂದ್ರ, ಹೊರಗಿನ ಡೋಲಿನ ಗದ್ದಲದಲ್ಲಿ ತುಸು ಗಟ್ಟಿಯಾಗಿ, "ಅವಸರಿಲ್ಲಣ್ಣ, ಮನಿಗಿ ಒಯ್ದು ಅಕ್ಕಗ ತೋರ್ಸಿ ಹೇಳ್ರಿ," ಅಂದ.

ಅದೊಂದು ಸಾದಾ ಮಾತು. ಆದರೆ ಗುರುಪ್ರಸಾದನಿಗೆ ಕಿವಿಯ ಹಿಂದೆ ಬಿಸಿಯೇರಿತು. ಇವನಿಗೆ ಗೊತ್ತಿದೆ. ಅವಳು ಹೇಳಿಬಿಟ್ಟಿದ್ದಾಳೆ. ಆ ಉದ್ದುದ್ದ ಫೋನುಗಳಲ್ಲಿ ಯಾವುದೋ ಒಂದರಲ್ಲಿ, ನಮ್ಮ ಮನಿಯವ್ರಿಗೆ ಕಾಣಂಗಿಲ್ಲ ತಮ್ಮಾ ಎಂದು, ಹೀಗೇ ಮೂಗಿನಲ್ಲಿ ನಗುತ್ತ. "ಆಕಿಗ್ಯಾಕ ತೋರಿಸ್ಬೇಕು? ಕಾಗದದಾಗ ಏನ್ ಬರ್ದೈತಿ? ನಾನಿಲ್ಲೇನು?" ಎಂದು ಕೈ ಚಾಚಿ, ಒಂದು ಲಡಿಯೆತ್ತಿ, ಒಪ್ಪಿಗೆಯ ಬಿಳಿ ದಾರದ ಗಂಟನ್ನು ಬಿಗಿದೇಬಿಟ್ಟ. ನರೇಂದ್ರನ ಬಾಯಿ ತೆರೆಯಿತು. ಮುಚ್ಚಿತು. ಅವನು ಲಡಿಯನ್ನೂ ಗುರುಪ್ರಸಾದನ ಮುಖವನ್ನೂ ಒಂದು ಸಲ ನೋಡಿ, ಉಳಿದ ಲಡಿಗಳನ್ನು ಚೀಲಕ್ಕೆ ತುಂಬಿಕೊಂಡು, ಗದ್ವಾಲಿನ ದಾರಿಯ ಜುರಾಲಾ ಡ್ಯಾಮಿನ ಮೇಲೆ ಟ್ರಾಫಿಕ್ಕು ಜಾಮಾಗುವುದರೊಳಗೆ ದಾಟಬೇಕೆಂದು ಹೇಳಿ ಹೋದ. ಆ ತೆರೆದು ಮುಚ್ಚಿದ ಬಾಯಿ ಮೂರು ತಿಂಗಳು ಗುರುಪ್ರಸಾದನ ನಿದ್ದೆಯಲ್ಲಿ ತೆರೆದು ಮುಚ್ಚುತ್ತಲೇ ಇತ್ತು.

ಕೋಣೆಯಲ್ಲಿ ಶ್ರೀರಾಮುಲು ಆಗಲೇ ಬಂದು ಕುಳಿತಿದ್ದ. ಹೊರಗೆ ಕಾರು, ಒಳಗೆ ಸೆಂಟಿನ ವಾಸನೆ. ನರೇಂದ್ರ ಗದ್ವಾಲಿನಿಂದ ತಂದ ಗಂಟುಗಳನ್ನು ಚಾಪೆಯ ಮೇಲೆ ಇಳಿಸಿದ್ದ. ನಮಸ್ಕಾರವಾಯಿತು, ಬಿಸಿಲಿನ ಮಾತಾಯಿತು, ಹೊಸ ರಾಜ್ಯದಲ್ಲಿ ನಮ್ಮ ಜಿಲ್ಲೆ ಎರಡಾಗುತ್ತದೋ ಮೂರಾಗುತ್ತದೋ ಎಂಬ ಮಾತಾಯಿತು. ನರೇಂದ್ರ ಮೊದಲ ಗಂಟು ಬಿಚ್ಚಿ ಒಂದು ಸೀರೆಯನ್ನು ಹರಡಿದ. ಚೌಕುಳಿ ಸರಿಯಾಗಿ ಕೂತಿತ್ತು, ಅಂಚಿನ ರೇಷ್ಮೆ ಎಲ್ಲಿ ಶುರುವಾಗುತ್ತದೆಂದು ಬೆರಳಾಡಿಸಿದರೂ ತಿಳಿಯದ ಹಾಗೆ ಮೈಗೆ ಕೂಡಿಕೊಂಡಿತ್ತು. ಚೆನ್ನಾಗಿ ಬಂದಿದೆ ಎಂದು ಗುರುಪ್ರಸಾದನಿಗೆ ನಿಜವಾಗಿಯೂ ಅನ್ನಿಸಿತು. ಶ್ರೀರಾಮುಲು ಮುಂದೆ ಬಾಗಿ, ಸೆರಗನ್ನು ಬೆಳಕಿಗೆ ಎತ್ತಿ ಹಿಡಿದು, ಇನ್ನೊಂದು ಗಂಟನ್ನು ತಾನೇ ಬಿಚ್ಚಿ ನೋಡಿ, ಮೆತ್ತಗೆ ತೆಲುಗಿನಲ್ಲಿ ಕೇಳಿದ, "ಇದು ಹಸಿರಲ್ಲವೇ?"

ಶ್ರೀರಾಮುಲು ಸೆರಗನ್ನು ಕಿಟಕಿಯ ಬಿಸಿಲಿಗೆ ಒಯ್ದು ಮತ್ತೊಮ್ಮೆ ನೋಡಿದ.

"ಪಾಚಿ ಹಸಿರು. ನೇಯ್ಗೆ ಚಿನ್ನದಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕೇಳಿದ್ದು ಹುಣಸೆಹಣ್ಣು. ಈ ಬಣ್ಣವನ್ನು ಒಪ್ಪಿದ್ದು ಯಾರು?"

ಗುರುಪ್ರಸಾದ ಸೀರೆಯನ್ನು ನೋಡಿದ. ಚಾಪೆಯ ಮೇಲೆ ಬಿದ್ದಿದ್ದದ್ದು ಅದೇ, ಅವನು ಬದುಕಿಡೀ ನೋಡಿಕೊಂಡು ಬಂದ ಮಣ್ಣು. ಎಷ್ಟು ಕಣ್ಣು ಚುಚ್ಚಿ ನೋಡಿದರೂ ಅದು ಯಾವ ಕಡೆಗೂ ವಾಲಲಿಲ್ಲ. ಹಣೆಯ ಮೇಲಿನ ಬೆವರು ಹುಬ್ಬಿಗೆ ಇಳಿಯುತ್ತಿರುವುದು, ಅಂಗೈಯಲ್ಲಿ ಉಗುರು ಊರಿರುವುದು, ಕೆಳಗೆ ಗೊಬ್ಬರದ ಚೀಲ ಇಳಿಸುವವರು ಒಬ್ಬರನ್ನೊಬ್ಬರು ಬೈಯುತ್ತಿರುವುದು, ಎಲ್ಲ ಬೇರೆ ಬೇರೆಯಾಗಿ ಅರಿವಿಗೆ ಬರುತ್ತಿತ್ತು. ನರೇಂದ್ರ ಈಗ ಹೇಳುತ್ತಾನೆ ಎಂದುಕೊಂಡ. ಹೇಳಲಿ, ಹೇಳಬೇಕಾದದ್ದೇ, ಬಿಳಿ ದಾರದ ಗಂಟು ನನ್ನದೇ.

"ಇಬ್ರೂ ನೋಡೇ ಒಪ್ಪೀವ್ರಿ," ಅಂದ ನರೇಂದ್ರ. "ತಪ್ಪು ಇಬ್ಬರದೂ."

ಶ್ರೀರಾಮುಲು ಕೂಗಾಡುವ ಮನುಷ್ಯನಲ್ಲ. ಈ ಗೋಡೆಗೆ ಬೇರೆ ಯಾರ ಮಾಲನ್ನಾದರೂ ಹುಡುಕುತ್ತೇನೆ, ಇನ್ನೊಂದು ಸಲ ನೋಡೋಣ ಎಂದು ಇಬ್ಬರ ಕೈಯನ್ನೂ ಕುಲುಕಿ ಮೆಟ್ಟಿಲಿಳಿದ. ಕಾರು ಹೋದ ಸದ್ದು ಕೇಳಿದ ಮೇಲೆ ಗುರುಪ್ರಸಾದನಿಗೆ ಬಂದದ್ದು ಸಿಟ್ಟು. ಕೃತಜ್ಞತೆ ಬರಬೇಕಾದ ಜಾಗದಲ್ಲೇ ಅದು ಬಂತು. ಇಬ್ಬರದೂ ಅಂತೆ. ದೊಡ್ಡವನಾಗುವುದಕ್ಕೆ ಇವನಿಗೊಂದು ಅವಕಾಶ ಸಿಕ್ಕಿತು.

"ನಿನಗ ಆವತ್ತೇ ಗೊತ್ತಿತ್ತು," ಅಂದ.

"ಗೊತ್ತಿತ್ತಣ್ಣ."

"ಮತ್ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಬಣ್ಣದಾಗ ನಾ ಬಾಯಿ ಹಾಕಂಗಿಲ್ಲಂತ ಬರ್ಸೀರಿ, ನಾ ಸಹಿ ಹಾಕೀನಿ. ಮೊದ್ಲಿನ ಕಾಗದ ಆಗಿದ್ರ ಲಡಿ ಕೈಯಾಗಿಂದ ಕಸಗೊಂತಿದ್ದೆ."

"ಆಕಿ ನಿನಗ ಏನ್ ಹೇಳ್ಯಾಳ?"

"ಯಾರು?"

"ನಿಮ್ಮ ಅಕ್ಕ. ನನ್ನ ಬಗ್ಗೆ. ಖರೇ ಹೇಳು."

ನರೇಂದ್ರ ಅವನನ್ನು ನೋಡಿದ. ಹುಬ್ಬು ಗಂಟಾಗಿತ್ತು, ಆದರೆ ಅದು ನಟನೆಯ ಗಂಟಲ್ಲ. "ನಿಮ್ಮ ಬಗ್ಗೆ ಏನ್ ಹೇಳ್ತಾರ ಅವ್ರು? ಬಣ್ಣ ಬಿಟ್ರ ಬ್ಯಾರೆ ಮಾತು ಆಡಿದ್ದ ನೆನಪಿಲ್ಲ ನನಗ. ನಾ ತಿಳಕೊಂಡಿದ್ದು ಬ್ಯಾರೆ ಅಣ್ಣ. ಅಕ್ಕಗ ತೋರಿಸ್ರಿ ಅಂದೆ ಅಂತ ನಿಮಗ ಸಿಟ್ಟು ಬಂತು, ಸಿಟ್ಟಿಗಿ ಬೇಕಂತನ ಹಸಿರಿಗಿ ಗಂಟು ಹಾಕಿದ್ರಿ, ಯಾರು ದೊಡ್ಡವ್ರಂತ ನನಗ ತೋರ್ಸಾಕ. ಮೂರು ತಿಂಗಳಿಂದ ಹಂಗ ತಿಳಕೊಂಡು ನೇಯ್ಸೀನಿ. ನಮ್ಮಪ್ಪ ಮಗ್ಗದ ಮುಂದ ನಿಂತು ಬೈದ, ಇದು ಅವ್ರು ಕೇಳಿದ್ದಲ್ಲಂತ. ಕಾಗದದಾಗ ಹಂಗೈತಿ ಅಂತ ಅವನಿಗಿ ಹೇಳಿದೆ."

ಅವಳು ಹೇಳಿರಲಿಲ್ಲ. ಅವನೆದುರು ಇಬ್ಬರು ಗುರುಪ್ರಸಾದರು ನಿಂತ ಹಾಗಿತ್ತು. ಒಬ್ಬ ಕಂದು-ಹಸಿರು ತಿಳಿಯದ ಸೀರೆ ವ್ಯಾಪಾರಿ. ಇನ್ನೊಬ್ಬ ಹಟಕ್ಕೆ ತನ್ನ ಮಾಲನ್ನೇ ಕೆಡಿಸಿಕೊಂಡ ದುಷ್ಟ. ನರೇಂದ್ರ ನೋಡುತ್ತಿದ್ದದ್ದು ದುಷ್ಟನನ್ನು. ಆ ದುಷ್ಟನಿಗೆ ಕಣ್ಣಿತ್ತು.

"ಹೌದು," ಅಂದ ಗುರುಪ್ರಸಾದ. "ಬೇಕಂತನ ಹಾಕಿದೆ."

ನರೇಂದ್ರ ಸೀರೆಗಳನ್ನು ಒಂದೊಂದೇ ಮಡಿಚತೊಡಗಿದ. ಮಡಿಚುವಾಗ ಅಂಚನ್ನು ಒಳಗೆ ಹಾಕಿ, ಬೆರಳಿನಿಂದ ಒತ್ತಿ, ಮಕ್ಕಳಿಗೆ ಹೊದಿಸುವ ಹಾಗೆ ಮಡಿಚುತ್ತಿದ್ದ. "ಬಿಟ್ಟು ಹೋಗಾಕ ಕಾಗದ ಬಿಡಂಗಿಲ್ಲ," ಅಂದ ಕೊನೆಗೆ. "ಮೂರು ವರ್ಷ ನೇಯ್ಸಿ ಕೊಡ್ತೀನಣ್ಣ. ನೀವು ಯಾವ್ದಕ್ಕ ಗಂಟು ಹಾಕ್ತೀರೋ ಅದನ್ನ. ಕಾಗದದಾಗ ಎಷ್ಟೈತೋ ಅಷ್ಟು." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಾನು ಬರೆಸಿಕೊಂಡದ್ದೆಲ್ಲ, ಒಂದಕ್ಷರ ಬಿಡದೆ, ಈಗ ತನ್ನದಾಯಿತು ಎಂದು ಗುರುಪ್ರಸಾದನಿಗೆ ತಿಳಿಯಿತು. ಮೂರು ವರ್ಷ ಇವನು ಎಲ್ಲಿಗೂ ಹೋಗುವುದಿಲ್ಲ. ಮೂರು ವರ್ಷ ಇವನು ಇಲ್ಲಿ ಇರುವುದೂ ಇಲ್ಲ.

ಒಂದು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಗುರುಪ್ರಸಾದ ತಿರುಗಿ ಬಸ್ಸು ಹತ್ತಿದ. ಯಾಕೆ ಹಾಕಿಕೊಂಡ ಎಂದು ಅವನಿಗೇ ಗೊತ್ತಿರಲಿಲ್ಲ. ದಾರಿಯ ಬದಿಯ ಜಾಲಿಗಳು, ಕೊಯ್ದ ಹೊಲಗಳು, ಎಮ್ಮೆಗಳು ಬಿದ್ದ ಕೆರೆಯ ಕೆಸರು, ಎಲ್ಲ ಚೀಲದೊಳಗಿದ್ದ ಬಣ್ಣದವೇ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಒಬ್ಬಳ ಕುಪ್ಪಸದ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ಒಬ್ಬಳು ಇದು ನೇರಳೆ ಅಂದಳು, ಇನ್ನೊಬ್ಬಳು ಬದನೆಕಾಯಿ ಅಂದಳು. ಇಬ್ಬರೂ ನಕ್ಕರು. ಅಷ್ಟು ಸಣ್ಣ ಭೇದಕ್ಕೆ ಇಬ್ಬರಿಗೂ ಬೇರೆ ಬೇರೆ ಹೆಸರಿದೆ, ಇಬ್ಬರಿಗೂ ಅದು ಕಾಣುತ್ತದೆ ಎಂದು ಅವನಿಗೆ ಆ ಗೊತ್ತಿಲ್ಲದ ಹೆಂಗಸರ ಮೇಲೂ ಹೊಟ್ಟೆಕಿಚ್ಚಾಯಿತು. ಅದು ಯಾವ ಮಟ್ಟಕ್ಕೆ ಇಳಿದಿದೆಯೆಂದು ಆಗ ನಾಚಿಕೆಯಾಯಿತು.

ಮನೆಗೆ ಬಂದಾಗ ಇಳಿಹೊತ್ತು. ಗಂಗಾಂಬಿಕಾ ಅಂಗಳದಲ್ಲಿ ಹಪ್ಪಳ ತೆಗೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು, ಕೇಳದೆಯೇ ಚೀಲದಿಂದ ಸೀರೆಯನ್ನು ತೆಗೆದು, ತಾನು ಬರೆದ ನಕ್ಷೆ ಮೈಯಾಗಿ ಬಂದದ್ದನ್ನು ನೋಡುವ ಆಸೆಯಿಂದ ಕಂಬಕ್ಕೆ ಒತ್ತಿ ಹರಡಿದಳು. ಹರಡಿದ ಕೈ ಹಾಗೆಯೇ ನಿಂತಿತು.

"ಇದು ಹಸರು ಐತಿ," ಅಂದಳು.

"ಹೌದಂತ."

ಅವಳು ತಿರುಗಿ ಅವನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ವಿಷಯದ ಮೇಲೆ ಇಬ್ಬರ ಕಣ್ಣೂ ಕೂಡಿದ್ದು ಅದೇ ಮೊದಲು. ಅವನು ಕಟ್ಟೆಯ ಮೇಲೆ ಕುಳಿತು ಹೇಳಿದ. ಫೆಬ್ರವರಿಯ ಗಂಟು, ಆರನೆಯ ಕಲಮು, ನರೇಂದ್ರ ಫೋನು ಮಾಡದಿದ್ದದ್ದು ಯಾಕೆಂಬುದು, ಇವತ್ತು ಶ್ರೀರಾಮುಲು ಕೇಳಿದ್ದು. ಹೇಳುತ್ತ ಹೇಳುತ್ತ ಹಗುರಾಗುತ್ತದೆಂದು ಎಣಿಸಿದ್ದ, ಆಗಲಿಲ್ಲ.

"ಆ ತಮ್ಮಗ ಏನಂದ್ರಿ?"

"ಬೇಕಂತನ ಮಾಡೀನಿ ಅಂದೆ."

ಅವಳು ಸೀರೆಯನ್ನು ಮೊಣಕೈಗೆ ಸುತ್ತಿಕೊಂಡು ಅವನೆದುರು ನೆಲದ ಮೇಲೆ ಕುಳಿತಳು. "ಇಷ್ಟು ದಿವ್ಸ ನಿಮ್ಮ ಕಣ್ಣು ಮುಚ್ಚಿಟ್ಟೀನಿ ಅಂತ ತಿಳಕೊಂಡಿದ್ದೆ," ಅಂದಳು. "ನಿಮ್ಮ ಗುಣಾನೂ ಮುಚ್ಚಿಟ್ಟಿದ್ದೆ ಕಾಣತೈತಿ." ಆಮೇಲೆ, ಅಷ್ಟೇ ಮೆತ್ತಗೆ, "ನಾ ಬರ್ದ ನಕ್ಷಿ ಅದು. ಹನ್ನೊಂದು ಪುಟದಾಗ ನಾ ಎಲ್ಲಿದೀನ್ರೀ?"

ಇದ್ದಳು. ಆರನೆಯ ಕಲಮಿನಲ್ಲಿ ಇದ್ದಳು, 'ಬೇರೆ ಯಾರೊಡನೆಯೂ' ಎಂಬ ಮಾತಿನಲ್ಲಿ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಫೋನು ತೆಗೆದು ನರೇಂದ್ರನಿಗೆ ಹಚ್ಚಿದ. ಹಚ್ಚಿದ್ದು ಪಶ್ಚಾತ್ತಾಪದಿಂದಲೋ, ಅವಳೇ ಹಚ್ಚಿಬಿಟ್ಟಾಳೆಂಬ ಅಂಜಿಕೆಯಿಂದಲೋ ಅವನಿಗೆ ಆಮೇಲೆಯೂ ತೀರ್ಮಾನವಾಗಲಿಲ್ಲ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು.

"ನರೇಂದ್ರ, ನನಗ ಕಂದು ಹಸರು ಒಂದ ಕಾಣ್ತಾವ. ಸಣ್ಣಾವಿದ್ದಾಗಿಂದ. ಆವತ್ತು ನನಗ ಗೊತ್ತಾಗ್ಲಿಲ್ಲ. ಬೇಕಂತ ಮಾಡಿದ್ದಲ್ಲ."

ಮಗ್ಗದ ಸದ್ದು ದೂರವಾಯಿತು, ಅವನು ಎದ್ದು ಹೊರಗೆ ಬಂದಿರಬೇಕು. ನಗುತ್ತಾನೆ ಎಂದು ಗುರುಪ್ರಸಾದ ಕಾದ. ಕನಿಕರ ತೋರಿಸುತ್ತಾನೆ ಎಂದೂ ಕಾದ, ಅದು ನಗುವಿಗಿಂತ ಕೆಟ್ಟದ್ದು.

"ಅಕ್ಕಗ ಗೊತ್ತೈತೇನು?" ಎಂದು ಕೇಳಿದ ನರೇಂದ್ರ.

ಆಗಲೂ ಅವನ ಮೊದಲ ಮಾತು ಅಕ್ಕನದೇ. "ಗೊತ್ತೈತಿ," ಎಂದು ಗುರುಪ್ರಸಾದ ಹಲ್ಲು ಕಚ್ಚಿ ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಹಪ್ಪಳದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದ.

ಹೊಸ ಕಾಗದ ಜುಲೈಯಲ್ಲಿ ಆಯಿತು, ಹೊಸ ರಾಜ್ಯದ ಹೆಸರಿನ ಮೇಲೆ. ಗಂಡ-ಹೆಂಡತಿ ಒಂದೇ ಮನೆಯವರು, ಹೆಂಡತಿ ಬೇರೆ ಪಾರ್ಟಿ ಹೇಗಾದಾಳೆಂದು ಕರಿಬಸಯ್ಯ ಕೇಳಿದರು. ಗಂಗಾಂಬಿಕಾ, "ಬರೀರಿ," ಅಂದಳು. ಅವರು ಬರೆದರು. ತೆಲುಗಿನಲ್ಲಿ, ಅವಳಿಗೆ ಓದಲು ಬರುವ ಹಾಗೆ, ಎರಡೇ ಪುಟ. ನಕ್ಷೆ ಅವಳ ಹೆಸರಿನದು. ಬಣ್ಣದ ಫೈಸಲಾ ಅವಳದು, ಆದರೆ ನೇಯಿಸುವವನು ಬೇಡವೆಂದರೆ ಯಾಕೆಂದು ಕೇಳಿಸಿಕೊಳ್ಳದೆ ಫೈಸಲಾ ಇಲ್ಲ. ಮಾರಾಟ ಗುರುಪ್ರಸಾದನದು. ಕೊನೆಯ ಕಲಮನ್ನು ನರೇಂದ್ರ ಕೇಳಿ ಹಾಕಿಸಿದ. ಮೂವರಲ್ಲಿ ಯಾರಿಗೆ ಬೇಡವಾದರೂ, ಹಿಡಿದ ಮಾಲು ಮುಗಿಸಿ, ಮುಂಚಿತವಾಗಿ ತಿಳಿಸಿ ಬಿಟ್ಟು ಹೋಗಬಹುದು. ಗುರುಪ್ರಸಾದ ಆ ಕಲಮನ್ನು ಎರಡು ಸಲ ಓದಿದ. ಮೂರು ವರ್ಷದ ಬೀಗ ಹೋಗಿತ್ತು. ನಾಳೆ ಬೆಳಿಗ್ಗೆ ಇವನು ಬಿಟ್ಟು ಹೋಗಬಹುದು. ಅವಳೂ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತ. ಇಬ್ಬರೂ ಅವಸರ ಮಾಡಲಿಲ್ಲ, ಅವನು ಸಹಿ ಹಾಕಿದ.

ಮೊದಲ ಲಡಿಗಳನ್ನು ನೋಡಲು ಅವರು ಮಕ್ತಲಿಗಲ್ಲ, ಗದ್ವಾಲಿಗೇ ಹೋದರು. ನೂಲನ್ನು ಬಣ್ಣದ ಹಂಡೆಯ ಪಕ್ಕದಲ್ಲೇ ಹಸಿಯಾಗಿ ನೋಡಬೇಕೆಂದು ಗಂಗಾಂಬಿಕಾ ಹಟ ಹಿಡಿದಿದ್ದಳು. ನರೇಂದ್ರನ ಮನೆಯ ಮುಂದಿನ ಜಗುಲಿಯಲ್ಲಿ ಮುದುಕ ಚಿನ್ನಯ್ಯ ಗುರುಪ್ರಸಾದನಿಗೆ ಮಜ್ಜಿಗೆ ಕೊಡಿಸಿ, ತನ್ನ ಮಂಡಿ ನೋವಿನ ಸುದ್ದಿ ಶುರುಮಾಡಿದ. ಒಳಗಿನಿಂದ ಇಬ್ಬರ ದನಿ ಕೇಳುತ್ತಿತ್ತು. ಗುರುಪ್ರಸಾದ ಮುದುಕನ ಮಾತಿಗೆ ಹೂಂಗುಟ್ಟುತ್ತ ಕಿವಿಯನ್ನೆಲ್ಲ ಒಳಗೆ ಇಟ್ಟಿದ್ದ. ನಗು ಕೇಳಿಸುತ್ತದೆಂದು ಕಾಯುತ್ತಿದ್ದ. ಅದನ್ನು ಹೇಗೆ ತಡೆದುಕೊಳ್ಳಬೇಕೆಂದು ಬಸ್ಸಿನಲ್ಲಿ ಬರುವಾಗಲೇ ಮನಸ್ಸನ್ನು ತಯಾರು ಮಾಡಿಕೊಂಡಿದ್ದ. ಆದರೆ ನಗು ಕೇಳಿಸಲಿಲ್ಲ. ಅವರು ಜಗಳಾಡುತ್ತಿದ್ದರು. "ಅಲ್ಲ ಅಂದ್ನೆಲ್ಲ," ಎನ್ನುತ್ತಿದ್ದಳು ಗಂಗಾಂಬಿಕಾ. "ನಿನಗ ಕಣ್ಣೈತೋ ಇಲ್ಲೋ? ಇದು ಒಣಗಿದ ಮ್ಯಾಲೆ ಸಾಯ್ತೈತಿ. ತಗೀ, ಮತ್ತ ಅದ್ದು." ಇಷ್ಟು ಬಿರುಸಾಗಿ, ಇಷ್ಟು ಸಲಿಗೆಯಿಂದ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಕಣ್ಣಿದೆಯೋ ಇಲ್ಲವೋ ಎಂದು ಅವಳು ತನ್ನನ್ನು ಕೇಳುವ ಹಾಗೇ ಇರಲಿಲ್ಲ. ಇಷ್ಟು ವರ್ಷ ತನ್ನ ಜೊತೆ ಬಣ್ಣದ ಮೇಲೆ ಅವಳು ಒಮ್ಮೆಯೂ ಜಗಳಾಡಿರಲಿಲ್ಲ. ಮೆತ್ತಗೆ ಹೆಸರು ಹೇಳಿ ಮನೆಗೆ ಹೋಗಿದ್ದಳು. ನಗುವಿಗೆ ತಯಾರಾಗಿ ಬಂದವನಿಗೆ ಈ ಜಗಳಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಜ್ಜಿಗೆಯ ಲೋಟ ಕೈಯಲ್ಲೇ ಬೆಚ್ಚಗಾಯಿತು.

ನರೇಂದ್ರ ಹೊರಗೆ ಬಂದ. ಮೊಣಕೈ ತನಕ ಬಣ್ಣ, ಎರಡು ಕೈಯಲ್ಲೂ ನೀರು ತೊಟ್ಟಿಕ್ಕುವ ಲಡಿ. "ಅಕ್ಕ ಒಪ್ಪವಲ್ರಣ್ಣ. ಎರಡೂ ಒಂದ ಅದಾವ ಅಂತೀನಿ ನಾ. ನೀವ ನೋಡಿ ಹೇಳ್ರಿ," ಎಂದು ಅವನ ಮುಂದೆ ಹಿಡಿದುಬಿಟ್ಟು, ಆಮೇಲೆ ನೆನಪಾಗಿ, ಹಿಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ. ಅವನ ಮುಖ ಸಣ್ಣದಾಯಿತು. ಬಾಗಿಲಲ್ಲಿ ಗಂಗಾಂಬಿಕಾ ಬಂದು ನಿಂತಿದ್ದಳು.

ಗುರುಪ್ರಸಾದ ಬಾಗಿ ಎರಡು ಲಡಿಗಳನ್ನೂ ನೋಡಿದ. ಒಂದೇ ಇದ್ದವು.

"ನನಗೂ ಒಂದ ಕಾಣ್ತಾವ," ಅಂದ. "ಆದ್ರ ಆಕಿ ಅಲ್ಲಂದ್ರ ಅಲ್ಲ. ಹೋಗಿ ಅದ್ದು."

ಚಿನ್ನಯ್ಯ ಬೊಚ್ಚುಬಾಯಿ ತೆರೆದು ನಕ್ಕ. ನರೇಂದ್ರ ತಲೆ ಕೊಡವುತ್ತ ಒಳಗೆ ಹೋದ. ಗಂಗಾಂಬಿಕಾ ಗಂಡನನ್ನು ಒಂದು ಗಳಿಗೆ ನೋಡಿದಳು, ಅವನು ನ್ಯಾಯದ ಮಾತಾಡಿದನೆಂದು ಅವಳಿಗೆ ಅನ್ನಿಸಿರಬೇಕು, ಸೆರಗಿನಿಂದ ಕೈ ಒರೆಸಿಕೊಂಡು ಹಂಡೆಯ ಕಡೆಗೆ ತಿರುಗಿದಳು. ಆದರೆ ಆ ಮಾತು ಬಾಯಿಂದ ಬಿದ್ದಾಗ ತನ್ನೊಳಗೆ ಎದ್ದದ್ದು ಏನೆಂದು ಗುರುಪ್ರಸಾದನಿಗೆ ಚೆನ್ನಾಗಿ ಗೊತ್ತಿತ್ತು. ನರೇಂದ್ರ ಸೋತನಲ್ಲ ಎಂಬ ಖುಷಿ ಅದು, ಸಣ್ಣದು, ಬೆಚ್ಚಗಿನದು. ಅದನ್ನು ಯಾರಿಗೂ ತೋರಿಸದೆ ಮಜ್ಜಿಗೆಯ ಜೊತೆ ಕುಡಿದು, ಲೋಟ ಕೆಳಗಿಟ್ಟು, ನಿಮ್ಮ ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಮುದುಕನನ್ನು ಕೇಳಿದ.